ನೀಲಿ ಗೆರೆ

ಏಳನೆಯ ದಿನ ಲಿಫ್ಟ್ ಮತ್ತೆ ನಡೆಯಿತು.
ಆರು ದಿನ ಮೆಟ್ಟಿಲು ತುಳಿದ ಮೊಣಕಾಲು ನೀವಿಕೊಳ್ಳುತ್ತ
ನಾವು ನಾಲ್ವರು ಸುಲೈಮಾನಿ ಮುಂದಿಟ್ಟುಕೊಂಡು
ಸರಕಾರವನ್ನು ವಿಚಾರಣೆಗೆ ಕರೆದೆವು.

ಮೊದಲು ಇದಿನಬ್ಬ ಎದ್ದು ಕಿಟಕಿ ಮುಚ್ಚಿದ.
'ಮೆಲ್ಲಗೆ ಮಾರಾಯ, ಇಲ್ಲಿ ಗೋಡೆಗೂ ವೀಸಾ ರಿನ್ಯೂ ಆಗಬೇಕು.'

ಕೆಳಗೆ ಶಾರ್ಜಾದ ರಸ್ತೆ ಇನ್ನೂ ಕಂದು ಕೆರೆ.
ಟ್ಯಾಂಕರುಗಳ ಸಾಲು ಹೀರಿ ಹೀರಿ
ಎಲ್ಲಿಗೋ ಒಯ್ದು ಚೆಲ್ಲಿ ಬರುತ್ತಿದೆ.
ಅದರಲ್ಲೊಂದು ಇದಿನಬ್ಬನದೇ. ಅವನ ಅಂಗಿಯಲ್ಲಿ
ಡೀಸೆಲ್ಲಿಗೂ ಪಾಯಿಖಾನೆಗೂ ಈಗ ಒಂದೇ ವಾಸನೆ.

'ನಮ್ಮ ಕಡೆ ಹೊಳಿ ಬಂದಾಗ,' ಭರಮಪ್ಪ ಶುರು ಮಾಡಿದ,
'ಡ್ಯಾಮಿನ ಗೇಟ್ ತೆಗದ್ರು, ಹೇಳಲಿಲ್ಲ ಕೇಳಲಿಲ್ಲ.
ಊರ ಮಂದಿ ಹೋಗಿ ತಹಶೀಲ್ದಾರನ ಜೀಪಿಗೆ ಅಡ್ಡ ಮಲಗಿದ್ವಿ.
ಪರಿಹಾರ ಬರಲಿಲ್ಲ, ಆ ಮಾತ ಬ್ಯಾರೆ.
ಖರೆ ಅಂವ ಇಳದು ಬಂದು ಕೈ ಮುಗದ.
ಇಲ್ಲಿ ಯಾರ ಜೀಪಿಗೆ ಮಲಗೂಣು?'

ಲಿಗೋರಿ ಸೂಪರ್‌ಮಾರ್ಕೆಟ್ಟಿನ ಲೆಕ್ಕದವ.
'ಎರಡು ವರ್ಷದ ಮಳೆ ಒಂದು ಹಗಲಲ್ಲಿ ಬಿದ್ದರೆ
ಯಾವ ದೊರೆ ತಾನೇ ಏನು ಮಾಡಿಯಾನು?
ಫೋನು ನಾಲ್ಕು ಸಲ ಚೀರಲಿಲ್ಲವಾ?
ಬೆರಳಲ್ಲಿ ಒರೆಸಿ ಮಗ್ಗುಲು ಬದಲಿಸಿದ್ದು ಯಾರು?'

'ಚೀರಿದ್ದು ಅರಬಿಯಲ್ಲಿ, ಇಂಗ್ಲಿಷಿನಲ್ಲಿ.
ಶಫೀಕುಲನ ಬಂಗಾಳಿಯಲ್ಲಲ್ಲ.'

ಆ ಹೆಸರು ಬಂದೊಡನೆ ಲಿಗೋರಿ ಟಿವಿಯ ಸದ್ದು ಏರಿಸಿದ.

ಶಫೀಕುಲ್, ನಮ್ಮ ಕಟ್ಟಡದ ನಾತೂರ್. ಬಾರಿಸಾಲಿನವನು.
ಅಲ್ಲಿ ಮಕ್ಕಳು ನಡೆಯುವ ಮೊದಲೇ ಈಜುತ್ತವಂತೆ.
ಅವನೇ ಹೇಳಿದ್ದು, ನನ್ನ ಹಳೆಯ ಕಾರು ಒರೆಸುತ್ತ,
ತಿಂಗಳಿಗೆ ಐವತ್ತು ದಿರ್ಹಮಿಗೆ.
ಪಂಪು ನಿಂತಿದೆ ನೋಡು ಎಂದು
ಯಾವ ಮಹಡಿಯಿಂದ ಯಾರು ಕೂಗಿದರೋ,
ಟಾರ್ಚು ಹಿಡಿದು ನೆಲಮಾಳಿಗೆಗೆ ಇಳಿದ.
ಕರೆಂಟೋ ನೀರೋ, ಕಾಗದದಲ್ಲಿ ಏನು ಬರೆದರೋ.
ಇನ್ನೂ ಶವಾಗಾರದಲ್ಲಿದ್ದಾನೆ, ಒಂದು ಮುದ್ರೆಗೆ ಕಾಯುತ್ತ.

ವಾದ ನಿಲ್ಲಲಿಲ್ಲ. ಬಿಲ್ಡರು, ಬಲದಿಯಾ,
ಮೋಡಕ್ಕೆ ಉಪ್ಪೆರಚಿದ ವಿಮಾನವೆಂಬ ಗಾಳಿಮಾತು,
ಎಲ್ಲರೂ ಕಟಕಟೆ ಹತ್ತಿ ಇಳಿದರು.
'ಓಟಿಲ್ಲದವರಿಗೆ ಬೈಯುವ ಹಕ್ಕೆಲ್ಲಿ?' ಲಿಗೋರಿ ಕೇಳಿದ.
'ಮುಳುಗುವ ಹಕ್ಕು ಕೊಟ್ಟಿದ್ದಾರಲ್ಲ,' ಇದಿನಬ್ಬ.
'ನೀ ಏನಂತೀ ಇಂಜಿನಿಯರ್ ಸಾಹೇಬ?' ಭರಮಪ್ಪ ನನ್ನ ಕಡೆ ತಿರುಗಿದ.

ನಾನು ಇಂಜಿನಿಯರಲ್ಲ. ಡ್ರಾಫ್ಟ್ಸ್‌ಮನ್. ಗೆರೆ ಎಳೆಯುವವ.
ಹನ್ನೊಂದು ವರ್ಷದ ಹಿಂದೆ ಈ ಬಡಾವಣೆ
ನನ್ನ ಪರದೆಯ ಮೇಲೆ ಅಂಗೈಯಷ್ಟಿತ್ತು.
ಮಳೆನೀರಿನ ಕೊಳವೆಗೆ ನೀಲಿ ಗೆರೆ, ಆರುನೂರು ಮಿಲಿಮೀಟರು.
ಸಭೆಯಿಂದ ಮರಳಿದ ಹಾಳೆಯಲ್ಲಿ ಕೆಂಪು ಪೆನ್ನು:
ಮಳೆಯಿಲ್ಲದ ಊರಿಗೆ ಇದು ದಂಡ, ಮುಂದಿನ ಹಂತಕ್ಕೆ.
ಸಹಿಯ ಜಾಗದಲ್ಲಿ ಬರೀ ಒಂದು ಗೀಟು.
ನಾನು ಅಳಿಸಲಿಲ್ಲ. ಆ ಪದರವನ್ನು ಆಫ್ ಮಾಡಿದೆ, ಅಷ್ಟೇ.
ಪಕ್ಕದಲ್ಲೊಂದು ಸಣ್ಣ ಬಲ್ಬಿನ ಚಿತ್ರವಿರುತ್ತದೆ,
ಹಳದಿ ಇದ್ದದ್ದು ಬೂದಿಯಾಗುತ್ತದೆ.
ಆಮೇಲೆ ಊಟಕ್ಕೆ ಹೋದೆ. ಬಂಗುಡೆ ಸಾರು.

ತಪ್ಪು ನನ್ನದೆನ್ನಲು
ನನಗೆ ಅಷ್ಟು ಸಂಬಳವಿರಲಿಲ್ಲ.
ಕೆಂಪು ಪೆನ್ನಿನ ಮೇಲೊಂದು ಪೆನ್ನು, ಅದರ ಮೇಲೊಂದು;
ಆ ಏಣಿ ಹತ್ತಿ ಯಾರಾದರೂ ಕೇಳಲೇಬೇಕು.
ಕೇಳುವವರು ಹತ್ತುವಾಗ ಮೊದಲು ತುಳಿಯುವ ಮೆಟ್ಟಿಲಲ್ಲಿ
ನನ್ನ ಬೆರಳೂ ಇದೆ.

'ಏನೋ, ನಂಗೊತ್ತಿಲ್ಲ,' ಅಂದೆ.
ಭರಮಪ್ಪ ಲಕೋಟೆ ಮುಂದೆ ಹಿಡಿದ, ಬಾರಿಸಾಲಿಗೆ ಕಳಿಸಲು.
ಐನೂರು ಹಾಕಿದೆ. ಹತ್ತು ತಿಂಗಳು ಕಾರು ಒರೆಸಿದ ಲೆಕ್ಕ.
'ಭಾಳ ಆತಲ್ಲೋ,' ಅಂದ.

ರಾತ್ರಿ ಎಲ್ಲರೂ ಮಲಗಿದ ಮೇಲೆ
ಹಳೆಯ ಡಿಸ್ಕಿನಿಂದ ಆ ಕಡತ ತೆರೆದೆ.
ಬಲ್ಬನ್ನು ಒತ್ತಿದೆ.
ನೀಲಿ ಗೆರೆಗಳೆಲ್ಲ ಒಮ್ಮೆಗೇ ಬಂದು ನಿಂತವು
ರಸ್ತೆಯುದ್ದಕ್ಕೂ, ನಮ್ಮ ಕಟ್ಟಡದ ಮೂಲೆಯವರೆಗೂ.
ನಾಲ್ಕಕ್ಕೆ ಇದಿನಬ್ಬನ ಅಲಾರಂ ಹೊಡೆಯಿತು.
ಕತ್ತಲಲ್ಲೇ ಅಂಗಿ ತಡಕಿ ತೊಟ್ಟುಕೊಂಡ,
'ಇನ್ನೂ ಡ್ಯೂಟಿಯಾ?' ಅಂದ, ನನ್ನ ಪರದೆ ನೋಡದೆ.
ಕೆಳಗೆ ಹಿಮ್ಮುಖ ಬರುವ ಟ್ಯಾಂಕರಿನ
ಬೀಪು, ಬೀಪು.